ಮುಷ್ಟಿಯಲ್ಲಿ ಉಳಿದ ಕಾಳು

"ಗಟ್ಟಿಮೇಳ, ಗಟ್ಟಿಮೇಳ!" ಎಂದು ಪುರೋಹಿತರು ಕೈಯೆತ್ತಿ ಕೂಗಿದರು. ವಾಲಗ ಏರಿತು. ಆರುನೂರು ಜನ ಕುರ್ಚಿ ಸರಿಸಿ ಎದ್ದು, ಮುಷ್ಟಿಯಲ್ಲಿದ್ದ ಅಕ್ಷತೆಯನ್ನು ಮಂಟಪದ ಕಡೆಗೆ ಎರಚಿದರು. ದಾವಣಗೆರೆಯ ಆ ಕಲ್ಯಾಣಮಂಟಪದ ಗಾಳಿಯಲ್ಲಿ ಒಂದು ಗಳಿಗೆ ಅರಿಶಿನದ ಕಾಳುಗಳೇ ತುಂಬಿಕೊಂಡವು. ಅವೆಲ್ಲವೂ ಅಕ್ಕಿಯಲ್ಲ. ಪ್ರತಿ ಹಿಡಿಯಲ್ಲೂ ಇಪ್ಪತ್ತು ಕಾಳು ಬೇರೆಯವು. ಅಕ್ಕಿಯಷ್ಟೇ ಉದ್ದ, ಅಕ್ಕಿಯದೇ ಬಣ್ಣ, ಆದರೆ ಒಂದೊಂದರ ತುದಿಯಲ್ಲೂ ಒಂದೊಂದು ಕಣ್ಣು.

ಮಂಟಪದ ಸುತ್ತ ಒಬ್ಬನೇ ಒಬ್ಬ ಫೋಟೋಗ್ರಾಫರ್ ಇರಲಿಲ್ಲ. ಅಬ್ಬಾ, ಎಂಥ ನೆಮ್ಮದಿ! ನಮ್ಮ ಜನ ಇಷ್ಟು ವರ್ಷ ಮದುವೆಗಳಿಗೆ ಹೋಗಿ ತಾಳಿ ಕಟ್ಟುವುದನ್ನು ನೋಡಿದ್ದಕ್ಕಿಂತ ಫೋಟೋದವನ ಬೆನ್ನು ನೋಡಿದ್ದೇ ಹೆಚ್ಚು. ಅವನ ಹಿಂದೆ ವಿಡಿಯೋದವನು, ಅವನ ಹಿಂದೆ ದೀಪ ಹಿಡಿದವನು, ಅವನ ಹಿಂದೆ ಮೊಬೈಲು ಎತ್ತಿ ಹಿಡಿದ ಅತ್ತಿಗೆ. ಈಗ ಅದೊಂದೂ ಇಲ್ಲ. ಕೊನೆಯ ಸಾಲಿನ ಮುದುಕರಿಗೂ ಮದುಮಗಳ ಮುಖ ನಿಚ್ಚಳವಾಗಿ ಕಾಣುತ್ತಿತ್ತು. "ಸ್ವಲ್ಪ ಈ ಕಡೆ ನೋಡಿ" ಅನ್ನುವವರಿಲ್ಲ. ಊಟಕ್ಕೆ ಹಸಿದವರು ಫೋಟೋಗೆಂದು ಸಾಲಾಗಿ ನಿಲ್ಲಬೇಕಾಗಿಯೂ ಇಲ್ಲ.

ಸಭಾಂಗಣದ ಬಾಗಿಲ ಬಳಿ ಡಾಕ್ಟರ್ ಪ್ರಣತಿ ಬಣಕಾರ ಒಂದು ಸ್ಟೂಲಿನ ಮೇಲೆ ಕೂತಿದ್ದರು. ರಾಣೆಬೆನ್ನೂರಿನವರು, ಬೆಳಕಿನ ವಿಜ್ಞಾನ ಓದಿದವರು, ನಗುವುದು ಕಡಿಮೆ. ಕಾಳುಗಣ್ಣು ಎಂಬ ಈ ಉಪಕರಣ ಅವರ ಹದಿನೇಳು ವರ್ಷದ ದುಡಿಮೆ. ಅವರ ಮುಂದೆ ಊಟದ ಡಬ್ಬಿಯಷ್ಟು ದೊಡ್ಡದೊಂದು ಪೆಟ್ಟಿಗೆ. ಹನ್ನೆರಡು ಸಾವಿರ ಕಾಳುಗಳೂ ತಾವು ಕಂಡದ್ದನ್ನು ರೇಡಿಯೊ ಅಲೆಯಲ್ಲಿ ಆ ಪೆಟ್ಟಿಗೆಗೆ ಕಳಿಸುತ್ತಿದ್ದವು. ಒಂಟಿ ಕಾಳಿನ ಕಣ್ಣು ಬಲು ಮಂದ. ಅದಕ್ಕೆ ಕಾಣುವುದು ಹದಿನಾರು ಸಾಲು, ಸಾಲಿಗೆ ಹದಿನಾರು ಚುಕ್ಕಿ, ಅಷ್ಟೇ. ಆದರೆ ಹನ್ನೆರಡು ಸಾವಿರ ಕಾಳು ಹನ್ನೆರಡು ಸಾವಿರ ಜಾಗದಿಂದ ನೋಡಿದ್ದನ್ನು ಸೇರಿಸಿದರೆ ಇಡೀ ಸಭಾಂಗಣದ ಬೆಳಕೇ ಪೆಟ್ಟಿಗೆಯೊಳಗೆ ಬಂದಂತೆ. ಆಮೇಲೆ ಬೇಕಾದ ಕಡೆಯಿಂದ, ಬೇಕಾದ ಗಳಿಗೆಯ ಚಿತ್ರ ತೆಗೆಯಬಹುದು. ತಾಳಿಯ ಗಂಟಿನೊಳಗಿಂದ ನೋಡಿದರೆ ಗಂಡಿನ ಬೆರಳು ಹೇಗೆ ನಡುಗಿತು ಅನ್ನುವುದೂ ಕಾಣುತ್ತದೆ.

ಮದುಮಗಳು ದ್ಯುತಿ. ಕಾಲೇಜಿನಲ್ಲಿ ಗಣಿತ ಕಲಿಸುವ ಹುಡುಗಿ, ಮಾತು ಚುರುಕು, ಹಟ ಜಾಸ್ತಿ. ಅವಳ ತಾಯಿ ಸಿಂಚನ. ಹೌದು, ಸಿಂಚನ ಅನ್ನುವ ಹೆಸರಿನವರೇ ಅತ್ತೆಯಂದಿರಾಗಿ, ಸ್ಫೂರ್ತಿ ಅನ್ನುವವರೇ ದೊಡ್ಡಮ್ಮಂದಿರಾಗಿ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದ ಕಾಲ ಅದು. ಸಿಂಚನ ಹುಡುಗಿಯಾಗಿದ್ದಾಗಿನಿಂದ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡಿದವಳು. ಬಿಸಿ ಮರಳು ಜರಡಿ ಹಿಡಿದು ಅವಳ ಅಂಗೈ ಗಟ್ಟಿಯಾಗಿತ್ತು. ಕಣ್ಣು ಮುಚ್ಚಿಕೊಂಡೇ ಮಂಡಕ್ಕಿಯಲ್ಲಿ ಕಲ್ಲಿದ್ದರೆ ತೆಗೆದು ಬಿಸಾಡುತ್ತಿದ್ದಳು. ಗಂಡ ಗಗನ್ ತೀರಿಕೊಂಡಾಗ ದ್ಯುತಿಗೆ ಒಂಬತ್ತು ವರ್ಷ. ಅವತ್ತಿನಿಂದ ಮಗಳಿಗೆ ಅಪ್ಪ ಅಮ್ಮ ಎರಡೂ ಅವಳೇ.

ಆ ತಾಯಿ ಮುಹೂರ್ತದ ಹೊತ್ತಿನಲ್ಲಿ ಮಂಟಪದಲ್ಲಿರಲಿಲ್ಲ. ಉಗ್ರಾಣದ ಬಾಗಿಲ ಪಕ್ಕ, ನಾಲ್ಕನೇ ಕಂಬಕ್ಕೆ ಆನಿಕೊಂಡು ನಿಂತಿದ್ದಳು. ನವಿಲುಹಸಿರು ಸೀರೆ, ಬಲಗೈ ಮುಷ್ಟಿ ಬಿಗಿ.

ಅಷ್ಟು ವರ್ಷವಾದ ಮೇಲೂ ಇದೆಲ್ಲ ಇತ್ತೇ ಎಂದು ಹುಬ್ಬೇರಿಸಬೇಡಿ. ಗಂಡ ಸತ್ತವಳು ಬರಬಾರದು ಅಂತ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಹಾಗೆ ಹೇಳುವ ಕಾಲ ಹೋಗಿತ್ತು. ಧಾರೆಗೆ ದಂಪತಿ ಬೇಕು ಅಂತ ಪುರೋಹಿತರು ಅಂದರು, ಗಗನ್‌ನ ಅಣ್ಣ ಮತ್ತು ಅವನ ಹೆಂಡತಿ ಸ್ಫೂರ್ತಿ ಹೋಗಿ ಕೂತರು. ಸಿಂಚನಳಿಗೆ ಬೇಡ ಅಂದವರು ಒಬ್ಬರೂ ಇಲ್ಲ. ಬಾ ಅಂದವರೂ ಒಬ್ಬರೂ ಇಲ್ಲ.

ಫೋಟೋದ ಮಾತು ಬಂದದ್ದು ಮದುವೆಗೆ ಮೂರು ತಿಂಗಳ ಮುಂಚೆ. ತಾಯಿ ಮೆಂತ್ಯದ ಸೊಪ್ಪು ಬಿಡಿಸುತ್ತಾ ಕೂತಿದ್ದಳು. ಮಗಳು ಪಕ್ಕದಲ್ಲಿ ಕಂಪ್ಯೂಟರಿನ ತೆರೆಯೊಂದನ್ನು ಮಡಿಲಲ್ಲಿಟ್ಟುಕೊಂಡಿದ್ದಳು.

"ಫೋಟೋಗೆ ಹಾಲೇಶಣ್ಣಂಗೆ ಹೇಳೋಣ್ವ?" ಅಂದಳು ಸಿಂಚನ.

ಹಾಲೇಶಪ್ಪ ಅಂದರೆ ಊರಿನ ಹಳೇ ಫೋಟೋಗ್ರಾಫರ್. ಸಿಂಚನ ಗಗನ್ ಮದುವೆಯ ಫೋಟೋ ತೆಗೆದವನು ಅವನೇ. ಈಗ ಎಪ್ಪತ್ತು ದಾಟಿದ್ದರೂ ಯಾರಾದರೂ ಕರೆದರೆ ಕ್ಯಾಮೆರಾ ಹೆಗಲಿಗೇರಿಸಿ ಹೊರಡುತ್ತಿದ್ದ.

"ಅಯ್ಯೋ ಅಮ್ಮಾ, ಅವ್ರಾ?" ದ್ಯುತಿ ನಕ್ಕಳು. "ಕೈ ನಡುಗುತ್ತೆ ಅವ್ರಿಗೆ. ಮೇಲಾಗಿ ಬಾಯಿ! ಹೋದ್ ವರ್ಷ ಭಾವನ ತಂಗಿ ಮದುವೇಲಿ ಧಾರೆ ನಿಲ್ಸಿ, 'ಸರಿಯಾಗಿ ಬಂದಿಲ್ಲ, ಇನ್ನೊಂದ್ಸಲ ಎರೀರಿ' ಅಂದ್ರು. ಪುರೋಹಿತರು ಮಂತ್ರ ಮರ್ತೇಹೋದ್ರು. ಮಂಟಪ ಏನು ಅವ್ರ ಸ್ವಂತ ಮನೇನಾ? 'ಅವ್ರು ಬರ್ಲಿ, ಇವ್ರು ಬರ್ಲಿ, ಅಜ್ಜೀನ ಕರೀರಿ' ಅಂತ ಕಿರುಚಾಡಿ ಎಲ್ಲರ ಪ್ರಾಣ ತಿಂತಾರೆ."

"ಹೂಂ, ಬಾಯಿ ಜಾಸ್ತಿನೇ," ಎಂದು ತಾಯಿಯೂ ನಕ್ಕಳು. ಒಂದಷ್ಟು ಹೊತ್ತು ಸೊಪ್ಪು ಬಿಡಿಸಿ, "ಆದ್ರೂ ಅವನಾದ್ರೆ..." ಅಂದು ನಿಲ್ಲಿಸಿದಳು.

"ಅವ್ರಾದ್ರೆ ಏನು?"

"ಏನಿಲ್ಲ ಬಿಡು."

"ಹೇಳಮ್ಮ."

"ಗೊತ್ತಿರೋ ಮನುಷ್ಯ ಅಂದೆ ಅಷ್ಟೇ. ನಿನ್ನ ಮದುವೆ, ನಿನ್ನಿಷ್ಟ."

ದ್ಯುತಿ ಮತ್ತೆ ಕೇಳಲಿಲ್ಲ. ಕಾಳುಗಣ್ಣಿನ ವಿಷಯ ಬಿಡಿಸಿ ಬಿಡಿಸಿ ಹೇಳಿದಳು. ಯಾರನ್ನೂ ಬಿಡದೆ, ಎಲ್ಲರನ್ನೂ ಎಲ್ಲ ಕಡೆಯಿಂದ ನೋಡುವ ಕ್ಯಾಮೆರಾ ಅಮ್ಮಾ ಅಂದಳು. ಸಿಂಚನ ತಲೆಯಾಡಿಸಿದಳು.

ಕಾಳುಗಣ್ಣು ಎಲ್ಲವನ್ನೂ ನೋಡುವುದು ನಿಜ. ಆದರೆ ನೋಡಿದ್ದನ್ನೆಲ್ಲ ಇಟ್ಟುಕೊಳ್ಳುವುದು ಆಗದ ಮಾತು. ಒಂದು ಮದುವೆಯ ಪೂರ್ತಿ ಬೆಳಕನ್ನು ಉಳಿಸಬೇಕಾದರೆ ಊರಿನ ಎಲ್ಲ ಕಂಪ್ಯೂಟರುಗಳೂ ಸಾಲವು. ಅದಕ್ಕೇ ಪೆಟ್ಟಿಗೆಯೊಳಗೆ ಆರಿಸುವ ಬುದ್ಧಿ ಒಂದಿತ್ತು. ಯಾವುದು ಮುಖ್ಯವೋ ಅದನ್ನು ಉಳಿಸಿ, ಮಿಕ್ಕಿದ್ದನ್ನು ಅವತ್ತು ಸಂಜೆಯೊಳಗೆ ಅಳಿಸಿಬಿಡುವುದು ಅದರ ಕೆಲಸ. ಯಾವುದು ಮುಖ್ಯ ಅನ್ನುವುದನ್ನು ಅದಕ್ಕೆ ತಿಳಿಸಲು ಒಂದು ಪ್ರಶ್ನಾವಳಿ. ದ್ಯುತಿ ಅದನ್ನು ತಾಯಿಯ ಪಕ್ಕದಲ್ಲಿ ಕೂತೇ ತುಂಬಿದಳು.

'ಧಾರೆ ಎರೆಯುವವರು ಯಾರು? ಇವರ ಮುಖ ಒಂದೂ ತಪ್ಪಬಾರದು.' ದೊಡ್ಡಪ್ಪ, ದೊಡ್ಡಮ್ಮ ಎಂದು ಬರೆದು ಅವರ ಮುಖ ತೋರಿಸಿದಳು. ಅದೇನೂ ಸುಳ್ಳಲ್ಲ. 'ಆರತಿ ಎತ್ತುವವರು? ಕಳಸ ಹಿಡಿಯುವವರು? ಹುಡುಗನ ತಂದೆ ತಾಯಿ?' ಒಂದೊಂದಕ್ಕೂ ಒಂದೊಂದು ಹೆಸರು. ಹುಡುಗಿಯ ತಾಯಿ ಎಂದು ಬೇರೆ ಪ್ರಶ್ನೆ ಇರಲಿಲ್ಲ. ಧಾರೆ ಎರೆಯುವವರು ಹುಡುಗಿಯ ತಂದೆ ತಾಯಿಯೇ ಎಂದು ಪ್ರಶ್ನೆ ಬರೆದವರು ನಂಬಿದ್ದರು. ಕೊನೆಯ ಪ್ರಶ್ನೆ, 'ಅಳುಮುಖಗಳು ಬೇಕೆ?' ದ್ಯುತಿ ಬೇಡ ಎಂದು ಗುರುತು ಹಾಕಿದಳು. ಮದುವೆಯ ಆಲ್ಬಮ್ಮಿನಲ್ಲಿ ಅಳು ಯಾರಿಗೆ ಬೇಕು ಹೇಳಿ.

ಸಿಂಚನ ಮಗಳ ಹೆಗಲ ಮೇಲಿಂದ ಅಷ್ಟನ್ನೂ ಓದಿದಳು. ಸೊಪ್ಪಿನ ಕಡ್ಡಿಗಳನ್ನು ಗುಡಿಸಿಕೊಂಡು ಒಳಗೆ ಹೋದಳು.

ಮದುವೆಯ ದಿನ ಹಾಲೇಶಪ್ಪ ಬಂದಿದ್ದ. ಕರೆದದ್ದು ಸಿಂಚನ, ಊಟಕ್ಕೆ. ಬಿಳಿ ಅಂಗಿ ಹಾಕಿ, ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಒಮ್ಮೆ ಜೇಬಿಗೆ, ಒಮ್ಮೆ ಬೆನ್ನಿಗೆ ಹಾಕಿಕೊಳ್ಳುತ್ತಿದ್ದ. ಬಾಗಿಲಲ್ಲಿ ಸಿಂಚನಳನ್ನು ಕಂಡು, "ಕೈಗೆ ಕೆಲ್ಸ ಇಲ್ಲ ಕಣವ್ವ, ಅದ್ಕೇ ಬಾಯಿಗೆ ಕೊಟ್ಟೀನಿ. ಆಗ್ಲೇ ಎರಡು ಸಲ ಉಪ್ಪಿಟ್ಟು ಆಯ್ತು" ಅಂದ. ಸಿಂಚನ ನಕ್ಕುಬಿಟ್ಟಳು. ಬಾಗಿಲ ತೋರಣದಲ್ಲೂ ಒಂದಷ್ಟು ಕಾಳು ಕಟ್ಟಿದ್ದರು, ಅವು ಬೆಳಿಗ್ಗೆಯಿಂದಲೇ ಎಚ್ಚರವಾಗಿದ್ದವು. ಆ ನಗು ಪೆಟ್ಟಿಗೆಗೆ ಸೇರಿತು.

ಆಲ್ಬಮ್ಮು ವಾರದೊಳಗೆ ಬಂತು. ಮೂರು ಸಾವಿರ ಚಿತ್ರ. ಅಯ್ಯಪ್ಪ, ಏನು ಚಿತ್ರಗಳು! ತಲೆಯ ಮೇಲೆ ಬೀಳುತ್ತಿರುವ ಅಕ್ಷತೆಯ ಒಂದು ಕಾಳು ನೋಡಿದ ಹಾಗೆ ದ್ಯುತಿಯ ಮುಖ. ಜೀರಿಗೆ ಬೆಲ್ಲದ ನಡುವಿಂದ ಗಂಡ ವಿಹಾನನ ಕಣ್ಣು. ನೋಡಿದವರೆಲ್ಲ ಬಾಯಿ ಬಿಟ್ಟರು. ಸ್ಫೂರ್ತಿ ದೊಡ್ಡಮ್ಮ ತನ್ನ ಇನ್ನೂರು ಫೋಟೋಗಳನ್ನು ಊರಿಗೆಲ್ಲ ಕಳಿಸಿದಳು. ಸಿಂಚನ ಮಗಳ ಜೊತೆ ಕೂತು ಎರಡು ಗಂಟೆ ಹೊತ್ತು ಎಲ್ಲವನ್ನೂ ನೋಡಿ, "ಚೆಂದ ಬಂದಿದೆ ಕಣೇ" ಅಂದಳು.

ನೀನೆಲ್ಲಿದ್ದೀಯ ಅಮ್ಮ ಎಂದು ದ್ಯುತಿ ಕೇಳಲಿಲ್ಲ. ಆಗ ಅವಳಿಗೆ ಅದು ತೋಚಲೇ ಇಲ್ಲ.

ಹದಿನಾಲ್ಕು ತಿಂಗಳ ಮೇಲೆ ಒಂದು ಗುರುವಾರ ಬೆಳಿಗ್ಗೆ ಭಟ್ಟಿಯಲ್ಲಿ ಮಂಡಕ್ಕಿ ಜರಡಿ ಹಿಡಿಯುತ್ತಿದ್ದ ಸಿಂಚನ ತಲೆ ಸುತ್ತುತ್ತೆ ಅಂತ ಕೂತಳು. ಮತ್ತೆ ಏಳಲಿಲ್ಲ. ಮೆದುಳಿನಲ್ಲಿ ರಕ್ತನಾಳ ಒಡೆದಿತ್ತಂತೆ. ಮಗಳು ಆಸ್ಪತ್ರೆಗೆ ಓಡಿ ಬರುವಷ್ಟರಲ್ಲಿ ಮುಖಕ್ಕೆ ಬಟ್ಟೆ ಎಳೆದಿದ್ದರು.

ಗೋಡೆಗೆ ಹಾಕಲು ಒಂದು ಫೋಟೋ ಬೇಕಾಯಿತು. ದ್ಯುತಿಗೆ ಬೇಕಾಗಿದ್ದದ್ದು ಮದುವೆಯ ದಿನದ ಅಮ್ಮ, ನವಿಲುಹಸಿರು ಸೀರೆಯ ಅಮ್ಮ. ಮೂರು ಸಾವಿರದಲ್ಲಿ ತಾಯಿ ಇದ್ದ ಚಿತ್ರ ಹುಡುಕಿದಳು. ಸಿಕ್ಕಿದ್ದು ಹನ್ನೊಂದು. ಒಂದು ಬಿಟ್ಟು ಎಲ್ಲದರಲ್ಲೂ ಅಂಚಿಗೆ, ಯಾರದೋ ಹೆಗಲ ಹಿಂದೆ. ಎಲ್ಲದರಲ್ಲೂ ನಗುತ್ತಿದ್ದಳು. ಸದ್ಯ, ನಗುತ್ತಾ ಇದ್ದಳಲ್ಲ ಎಂದು ಮೊದಲು ಸಮಾಧಾನವಾಯಿತು. ಆಮೇಲೆ ಹನ್ನೊಂದನ್ನೂ ಒಟ್ಟಿಗೆ ಹರಡಿ ನೋಡಿದಳು. ಒಂದೇ ನಗು. ಹನ್ನೊಂದರಲ್ಲೂ ಎಡಗಡೆ ಅದೇ ಹಲ್ಲು ಅಷ್ಟೇ ಕಾಣುತ್ತಿತ್ತು, ಕೆನ್ನೆಯ ಮೇಲೆ ಅದೇ ಕೂದಲೆಳೆ ಅದೇ ಕಡೆಗೆ ಬಾಗಿತ್ತು. ಹೆಣ್ಣೊಪ್ಪಿಸುವ ಹೊತ್ತಿನ ಚಿತ್ರದಲ್ಲೂ ಅದೇ ನಗು. ಆ ಹೊತ್ತಿನಲ್ಲಿ ಅಮ್ಮ ತನ್ನನ್ನು ತಬ್ಬಿಕೊಂಡು ಬಿಕ್ಕಿ ಬಿಕ್ಕಿ ಅತ್ತಿದ್ದಳು. ರವಿಕೆಯ ಭುಜ ಒದ್ದೆಯಾಗಿತ್ತು, ದ್ಯುತಿಗೆ ಚೆನ್ನಾಗಿ ನೆನಪಿದೆ. ಚಿತ್ರದಲ್ಲಿ ತಾಯಿಯೂ ನಗುತ್ತಿದ್ದಳು, ಮಗಳೂ ನಗುತ್ತಿದ್ದಳು.

ಅವತ್ತೇ ಅವಳು ಬಣಕಾರರ ಪ್ರಯೋಗಾಲಯಕ್ಕೆ ಹೋದಳು.

"ಇದು ನಮ್ಮಮ್ಮನ ಮುಖ ಅಲ್ಲ," ಎಂದು ಚಿತ್ರಗಳನ್ನು ಮೇಜಿನ ಮೇಲೆ ಹರಡಿದಳು.

ಬಣಕಾರ ಕನ್ನಡಕ ಸರಿಮಾಡಿಕೊಂಡು ನೋಡಿದರು. "ಅವರದೇ ಮುಖ. ಅವತ್ತಿನದೇ. ಅಳುಮುಖ ಬೇಡ ಅಂತ ಗುರುತು ಮಾಡಿದ್ರಲ್ಲ, ಅದ್ಕೆ ಅದೇ ದಿನ ಸಿಕ್ಕಿದ ನಗುಮುಖ ತಂದು ಕೂಡಿಸಿದೆ. ಅವ್ರದ್ದು ಒಂದೇ ನಗು ಸಿಕ್ಕಿದೆ. ಬಾಗಿಲ ತೋರಣದ ಹತ್ರ, ಬೆಳಿಗ್ಗೆ ಎಂಟೂವರೆಗೆ."

"ಇಡೀ ದಿನಕ್ಕೆ ಒಂದೇ ನಗುವಾ?"

"ಒಂದೇ."

"ಮಿಕ್ಕಿದ್ದು ಎಲ್ಲಿ? ದೊಡ್ಡಮ್ಮಂದು ಇನ್ನೂರು ಫೋಟೋ ಐತೆ. ನಮ್ಮಮ್ಮ ಎಲ್ಲಿ?"

ಬಣಕಾರ ಪ್ರಶ್ನಾವಳಿ ತೆಗೆದು ನೋಡಿದರು. ಮೇಲಿಂದ ಕೆಳಗೆ ಎರಡು ಸಲ ಓದಿದರು. "ಅವರು ಯಾವ ಪ್ರಶ್ನೆಗೂ ಉತ್ತರವಾಗಿಲ್ಲ," ಅಂದರು ಕೊನೆಗೆ. "ಧಾರೆ ಎರೆಯುವವರ ಜಾಗದಲ್ಲಿ ಬೇರೆಯವರಿದ್ದಾರೆ. ಪೆಟ್ಟಿಗೆ ಅವರನ್ನೇ ನಿಮ್ಮ ತಾಯಿ ಅಂದ್ಕೊಂಡಿದೆ. ನಿಮ್ಮ ತಾಯಿ ಅದಕ್ಕೆ... ಒಬ್ಬ ಅತಿಥಿ. ಕಂಬದ ಪಕ್ಕ ಅಳ್ತಾ ನಿಂತ ಒಬ್ಬ ಅತಿಥಿ ಅಂತ ಅಳಿಸಿದ್ದರ ಪಟ್ಟೀಲಿದೆ. ಸಂಜೆ ಅಳಿಸಿಬಿಟ್ಟಿದೆ." ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹುಡುಗಿಯ ತಾಯಿ ಧಾರೆಗೆ ಕೂರದೆ ಇರ್ತಾರೆ ಅಂತ ನನಗೆ ಹೊಳೀಲೇ ಇಲ್ಲ. ಹದಿನೇಳು ವರ್ಷ ಬೆಳಕಿನ ಲೆಕ್ಕ ಮಾಡಿದೆ. ಇದೊಂದು ಹೊಳೀಲಿಲ್ಲ. ಕ್ಷಮಿಸಿ."

"ನೀವ್ಯಾಕೆ ಕ್ಷಮೆ ಕೇಳ್ತೀರಿ? ನನಗೆ ಹೊಳೀಬೇಕಿತ್ತು. ನಮ್ಮಮ್ಮ ಅಲ್ವಾ."

ಹೊರಡುವಾಗ ಬಾಗಿಲಲ್ಲಿ ನಿಂತು ಕೇಳಿದಳು. "ಕಾಳುಗಳ ಒಳಗೆ ಏನೂ ಉಳಿದಿರಲ್ವಾ? ಒಂದರಲ್ಲಾದ್ರೂ?"

"ಕಳಿಸೋ ತನಕ ಮಾತ್ರ ಇಟ್ಕೊಂಡಿರುತ್ತೆ. ಕಳಿಸಿದ ಮೇಲೆ ಖಾಲಿ. ಕಳಿಸೋಕೇ ಆಗದೆ ಉಳಿದ ಕಾಳು ಇದ್ರೆ ಉಂಟು. ಆದ್ರೆ ಹಂಗೆಲ್ಲಿ ಉಳಿಯುತ್ತೆ? ಎಲ್ಲರೂ ಎರಚಿರ್ತಾರೆ."

ತಾಯಿಯ ಮನೆ ಖಾಲಿ ಮಾಡುವಾಗ ಬೀರುವಿನಲ್ಲಿ ಸೀರೆಗಳ ಅಡಿ ಒಂದು ಸ್ಟೀಲಿನ ಡಬ್ಬಿ ಸಿಕ್ಕಿತು. ಅಪ್ಪನ ಕೈಗಡಿಯಾರ, ದ್ಯುತಿಯ ಮೊದಲ ಹಲ್ಲು, ಒಂದು ಕರವಸ್ತ್ರದ ಗಂಟು. ಗಂಟು ಬಿಚ್ಚಿದರೆ ಒಂದು ಹಿಡಿ ಅಕ್ಷತೆ. ಅರಿಶಿನ ಮಾಸಿತ್ತು. ದ್ಯುತಿ ಅದನ್ನು ಅಂಗೈಗೆ ಸುರಿದುಕೊಂಡು, ಏನೂ ಯೋಚಿಸದೆ ಬೆರಳಾಡಿಸುತ್ತಾ ಕೂತಳು. ಇದು ಎಲ್ಲಿಯದು, ಯಾವಾಗಿನದು ಎಂದು ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಅಮ್ಮ ಅವತ್ತು ತನ್ನ ಮೇಲೆ ಅಕ್ಷತೆ ಹಾಕಿರಲಿಲ್ಲ. ಆರುನೂರು ಜನ ಹಾಕಿದ್ದರು, ಹೆಸರು ಗೊತ್ತಿಲ್ಲದವರೂ ಹಾಕಿದ್ದರು. ಹೆತ್ತವಳು ಹಾಕಿರಲಿಲ್ಲ, ಅದು ಮಗಳಿಗೆ ಗೊತ್ತೂ ಆಗಿರಲಿಲ್ಲ. ನೆಲಕ್ಕೆ ಕೂತು ಗಟ್ಟಿಯಾಗಿ ಅತ್ತಳು. ವಿಹಾನ ಬಂದು ಎಬ್ಬಿಸಿದಾಗಲೂ ಮುಷ್ಟಿ ಬಿಡಲಿಲ್ಲ.

ಆ ಹಿಡಿಯಲ್ಲಿ ಇಪ್ಪತ್ತು ಕಾಳುಗಣ್ಣು ಇದ್ದವು. ಹತ್ತೊಂಬತ್ತು ಅಕ್ಕಿಯೊಳಗೆ ಹೂತುಹೋಗಿ ಬರೀ ಕತ್ತಲೆ ಹಿಡಿದಿದ್ದವು. ಒಂದು ಮಾತ್ರ ಬೇರೆ ಇತ್ತು.

"ಇದು ಖಾಲಿಯಾಗಿಲ್ಲ," ಎಂದು ಪ್ರಯೋಗಾಲಯದಲ್ಲಿ ಬಣಕಾರ ಚಿಮಟದಲ್ಲಿ ಹಿಡಿದ ಕಾಳನ್ನು ದೀಪದ ಕೆಳಗೆ ಇಟ್ಟರು. ಅಕ್ಷತೆಯಲ್ಲಿ ಬೆರೆಸಿದ ಕಾಳುಗಳೆಲ್ಲ ಮುಹೂರ್ತಕ್ಕೆ ಒಟ್ಟಿಗೆ ಎಚ್ಚರವಾಗುತ್ತವೆ. ಬಿಗಿಮುಷ್ಟಿಯೊಳಗಿದ್ದ ಇದಕ್ಕೆ ಬೆಳಕೂ ಇಲ್ಲ, ಅಲೆ ಕಳಿಸಲು ದಾರಿಯೂ ಇಲ್ಲ. ಸಿಂಚನ ಮುಷ್ಟಿ ಬಿಚ್ಚುವ ಹೊತ್ತಿಗೆ ಊಟ ಶುರುವಾಗಿತ್ತು, ಬಣಕಾರರು ಊಟ ಮುಗಿಯುವ ತನಕ ಪೆಟ್ಟಿಗೆ ಬಂದ್ ಮಾಡಿದ್ದರು; ಹೆಣ್ಣೊಪ್ಪಿಸುವಾಗ ಮತ್ತೆ ಹಚ್ಚುವಷ್ಟರಲ್ಲಿ ಗಂಟಿನ ಕತ್ತಲೆಯಲ್ಲಿ ಈ ಕಾಳಿನ ಶಕ್ತಿ ತೀರಿತ್ತು. ಕಾಳು ಕಂಡದ್ದನ್ನು ಇಸಕೊಳ್ಳಲು ಯಾರೂ ಇರಲಿಲ್ಲ. ಬೆಳಕು ತಾಕಿದ ಮೇಲೆ ಅದರ ಪುಟ್ಟ ನೆನಪು ಏಳು ಸೆಕೆಂಡಿಗೆ ತುಂಬಿತು. ಆ ಏಳು ಸೆಕೆಂಡು ಹಾಗೇ ಉಳಿದವು.

ತೆರೆಯ ಮೇಲೆ ಮೊದಲು ಕತ್ತಲೆ. ಆಮೇಲೆ ಬೆರಳ ಸಂದಿಯಿಂದ ಕೆಂಪನೆಯ ಗೆರೆಗಳು. ಬೆರಳುಗಳು ಬಿಚ್ಚಿಕೊಂಡವು. ಚುಕ್ಕಿ ಇಟ್ಟು ಗೆರೆ ಎಳೆಯದೆ ಬಿಟ್ಟ ರಂಗೋಲಿಯ ಹಾಗೆ ಹದಿನಾರು ಸಾಲು ಚುಕ್ಕಿಗಳು. ನಡುವೆ ಒಂದಿಷ್ಟು ಬೆಳಕಿನ ಚುಕ್ಕಿ ದುಂಡಗೆ, ಅದರ ಮೇಲೆ ಕಪ್ಪು, ಪಕ್ಕದಲ್ಲಿ ಕಂಬದ ಅಂಚು. ದುಂಡಗಿನದು ಹತ್ತಿರ ಬಾಗಿತು. ಇನ್ನೂ ಹತ್ತಿರ. ಒಂದು ಬೆರಳು ಬಂದು ಕಾಳನ್ನು ಮೆಲ್ಲಗೆ ಹೊರಳಿಸಿತು. ಮುಗಿಯಿತು.

"ಅಕ್ಕಿ ಅಲ್ಲ ಅಂತ ಗೊತ್ತಾಗಿದೆ ಅವಳಿಗೆ," ಎಂದಳು ದ್ಯುತಿ. ಅಳುತ್ತಲೇ ನಕ್ಕಳು. "ಮಂಡಕ್ಕಿ ಕೈ. ಮುಟ್ಟಿದ ತಕ್ಷಣ ಗೊತ್ತಾಗುತ್ತೆ. ಇದೇನಪ್ಪ ಅಂತ ನೋಡಿದಾಳೆ. ಮೇಡಂ, ಅಳ್ತಿದಾಳಾ? ಮುಖದಲ್ಲಿ ಬೇಜಾರು ಐತಾ? ಸಿಟ್ಟು ಐತಾ ನನ್ಮೇಲೆ? ನನಗೆ ಅದೊಂದು ಗೊತ್ತಾಗಬೇಕು."

"ಇಷ್ಟು ಚುಕ್ಕಿಯಲ್ಲಿ ಹೇಳೋಕಾಗಲ್ಲಮ್ಮ." ಬಣಕಾರ ತಡವರಿಸಿದರು. "ಬೇಕಾದ್ರೆ ಚುಕ್ಕಿಗಳ ನಡುವೆ ತುಂಬಿಸಬಹುದು. ಪೆಟ್ಟಿಗೆಗೆ ಅವರ ಮುಖ ಗೊತ್ತಿದೆ. ನಿಚ್ಚಳವಾಗಿ ಬರುತ್ತೆ."

"ಯಾವ ಮುಖ ತುಂಬಿಸುತ್ತೆ?"

"ನಮ್ಮ ಹತ್ರ ಇರೋದು ಒಂದೇ."

"ಆ ನಗುವಾ?"

"ಹೌದು."

"ಬ್ಯಾಡ," ಎಂದಳು ದ್ಯುತಿ. ಚುಕ್ಕಿಗಳ ಚಿತ್ರವನ್ನೇ ಕಾಗದದ ಮೇಲೆ ಇಳಿಸಿಕೊಂಡು ಹೊರಟಳು.

ಆ ದಿನ ಅಮ್ಮನ ಪಕ್ಕ ಯಾರಿದ್ದರು ಎಂದು ವಿಚಾರಿಸಿದಾಗ ಸಿಕ್ಕಿದ ಹೆಸರು ಒಂದೇ, ಹಾಲೇಶಪ್ಪ. ಅವನ ಸ್ಟುಡಿಯೊ ಮುಚ್ಚಿತ್ತು. ಮನೆಯ ಜಗಲಿಯಲ್ಲಿ ಹಳೇ ಕ್ಯಾಮೆರಾ ಚೀಲಕ್ಕೆ ಬದನೆ ಬೀಜ ತುಂಬಿಕೊಂಡು ಕೂತಿದ್ದ. ಕಾಗದ ಇಸಕೊಂಡು ದೂರ ಹಿಡಿದ, ಹತ್ತಿರ ಹಿಡಿದ.

"ನಮ್ಮ ಸಿಂಚನ," ಅಂದ.

"ಹೆಂಗೆ ಗೊತ್ತಾಯ್ತು?"

"ಇದು ಆ ನಾಕನೇ ಕಂಬ. ನಾನೂ ಅಲ್ಲೇ ನಿಂತಿದ್ದೆ. ಎಲ್ಲಾ ಅಕ್ಷತೆ ಹಾಕಿದ್ರು, ಇವಳು ಹಾಕ್ಲಿಲ್ಲ. ಯಾಕವ್ವ ಅಂದೆ. 'ಇಲ್ಲಿಂದ ಎಸೆದ್ರೆ ಮುಟ್ಟಲ್ಲ ಹಾಲೇಶಣ್ಣ, ಆಮೇಲೆ ಹತ್ರ ಹೋಗಿ ಹಾಕ್ತೀನಿ' ಅಂದ್ಲು. ಯಾರಾನ ಕರೀತಾರೆ ಅಂತ ಕಾಯ್ತಿದ್ಲು ಕಣವ್ವ. ಊಟಕ್ಕೆ ಎಲೆ ಹಾಕೋ ತಂಕ ಕಾದ್ಲು."

ದ್ಯುತಿ ಜಗಲಿಯ ಕಂಬ ಹಿಡಿದುಕೊಂಡಳು.

"ನನ್ನ ಪದ್ಧತಿ ಏನು ಗೊತ್ತಾ?" ಹಾಲೇಶಪ್ಪ ಅವಳ ಮುಖ ನೋಡದೆ ಬೀಜದ ಚೀಲ ನೋಡುತ್ತಾ ಹೇಳಿದ. "ಧಾರೆ ಆಗುತ್ಲೂ ಕ್ಯಾಮೆರಾ ಕೆಳಗಿಳಿಸಿ ಒಂದು ಕೂಗು ಹಾಕ್ತಿದ್ದೆ. 'ಹುಡುಗಿ ತಾಯಿ ಎಲ್ಲಿ? ಅವ್ರು ಬಂದು ನಿಂತ್ರೇನೇ ಫೋಟೋ!' ಗಂಡ ಇರ್ಲಿ, ಇಲ್ದೆ ಇರ್ಲಿ. ಯಾವ ದೊಡ್ಡಮ್ಮನೂ ಉಸಿರೆತ್ತಲ್ಲ. ಫೋಟೋದವನು ಕರೆದ್ರೆ ಯಾರು ಬ್ಯಾಡ ಅಂತಾರೆ? ಪುರೋಹಿತನೂ ಸುಮ್ನಿರ್ತಾನೆ. ಎಷ್ಟು ಜನ ತಾಯಂದಿರನ್ನ ಹಂಗೆ ಉಗ್ರಾಣದಿಂದ ಮಂಟಪಕ್ಕೆ ಹತ್ಸೀನೋ. ನಿಮ್ಮಮ್ಮ ಚಿಕ್ಕ ಹುಡುಗಿ ಇದ್ದಾಗ್ಲಿಂದ ನೋಡಿದ್ಲು ನಾನು ಕೂಗೋದ್ನ."

'ಅವನಾದ್ರೆ' ಎಂದು ಅಮ್ಮ ನಿಲ್ಲಿಸಿದ ಮಾತು ದ್ಯುತಿಗೆ ಈಗ ಪೂರ್ತಿ ಕೇಳಿಸಿತು. ಸೊಪ್ಪು ಬಿಡಿಸುತ್ತಾ ಅವಳು ಕೇಳಿದ್ದು ಫೋಟೋ ಅಲ್ಲ. ಮಗಳ ಮದುವೆಯಲ್ಲಿ ಮಗಳ ಪಕ್ಕ ನಿಲ್ಲಲು ಒಂದು ದಾರಿ ಕೇಳಿದ್ದಳು. ಬಾಯಿಬಿಟ್ಟು ಕೇಳಲು ನಾಚಿಕೆಯಾಗಿ ಫೋಟೋದವನ ಹೆಸರು ಹೇಳಿದ್ದಳು. ಮಗಳು ನಕ್ಕಿದ್ದಳು.

"ಊಟಕ್ಕೆ ಏಳೋ ಮುಂಚೆ ನನ್ನ ಕಡೆ ತಿರುಗಿ ಅಂದ್ಲು," ಎಂದ ಹಾಲೇಶಪ್ಪ. "'ನಿನ್ನ ಕೈಯಾಗೆ ಕ್ಯಾಮೆರಾ ಇದ್ದಿದ್ರೆ ಕರೀತಿದ್ದೆ, ಅಲ್ವೇನಣ್ಣ?' ಹೂಂ ಅಂದೆ. ಕ್ಯಾಮೆರಾ ಇಲ್ದೆ ಇದ್ರೂ ಕರೀಬಹುದಿತ್ತು. ಬಾಯಿ ಇತ್ತಲ್ಲ ನಂಗೆ. ಕ್ಯಾಮೆರಾ ಇಲ್ದವನು, ಉಣ್ಣಕ್ಕೆ ಬಂದವನು, ನಾನ್ಯಾರು ಕರೆಯಕ್ಕೆ ಅಂತ ಸುಮ್ನಾದೆ. ಹೋಗಿ ಉಂಡೆ ಕಣವ್ವ. ಹೋಳಿಗೆ ಎರಡನೇ ಸಲ ಹಾಕುಸ್ಕೊಂಡೆ."

"ನಾನೂ ಕರೀಲಿಲ್ಲ ಹಾಲೇಶಪ್ಪ," ಎಂದಳು ದ್ಯುತಿ. "ಇಪ್ಪತ್ತು ಹೆಜ್ಜೆ ದೂರ ಇದ್ಲು. ಒಂದ್ಸಲ ತಿರುಗಿ 'ಅಮ್ಮಾ ಬಾ' ಅನ್ಲಿಲ್ಲ. ಎಲ್ಲಾನೂ ಕಾಳು ನೋಡ್ಕೊಳ್ತಾವೆ ಅಂತ..." ಮುದುಕ ಬೀಜದ ಕೈಯನ್ನು ಪಂಚೆಗೆ ಒರೆಸಿ ಅವಳ ತಲೆ ಮುಟ್ಟಿದ. ಇಬ್ಬರೂ ಜಗಲಿಯಲ್ಲಿ ಕೂತು ಅತ್ತರು.

ಬಣಕಾರ ಪ್ರಶ್ನಾವಳಿ ತಿದ್ದಿದರು. 'ಹುಡುಗಿಯ ತಾಯಿ ಯಾರು?' ಎಂದು ಮೊದಲನೇ ಪ್ರಶ್ನೆಯೇ ಆಯಿತು. ದ್ಯುತಿ ಹೇಳಿದ್ದನ್ನು ಕೇಳಿದ ಮೇಲೆ ಪೆಟ್ಟಿಗೆಗೆ ಒಂದು ದನಿಯನ್ನೂ ಕೂಡಿಸಿದರು. ಧಾರೆ ಮುಗಿದ ಕೂಡಲೇ "ಹುಡುಗಿಯ ತಾಯಿ ಮಂಟಪಕ್ಕೆ ಬರಬೇಕು" ಎಂದು ಅದು ಸ್ಪಷ್ಟವಾಗಿ, ವಿನಯವಾಗಿ ಹೇಳುತ್ತಿತ್ತು. ಮೊದಲ ಮದುವೆಯಲ್ಲಿ ಜನ ಗೊಳ್ಳೆಂದು ನಕ್ಕರು. ಎರಡನೆಯದರಲ್ಲಿ ಯಾರೋ ಅತ್ತೆ, "ಅದನ್ನ ಆರಿಸ್ರೀ" ಅಂದರು. ಆರಿಸಿದರು. ಆ ಮದುವೆಯಲ್ಲೂ ಕಂಬದ ಪಕ್ಕ ನಿಂತಿದ್ದ ತಾಯಿ ಅಲ್ಲೇ ಉಳಿದಳು. ಬಣಕಾರ ಆ ದನಿಯನ್ನು ತೆಗೆದುಹಾಕಿದರು.

ದ್ಯುತಿಯ ಮನೆಯ ಗೋಡೆಯ ಮೇಲೆ ಹದಿನಾರು ಸಾಲು ಚುಕ್ಕಿಗಳ ಚಿತ್ರ ತೂಗುತ್ತದೆ. ಬಂದವರು ಇದೇನು ಎಂದು ಕೇಳುತ್ತಾರೆ. ನಮ್ಮಮ್ಮ ಅನ್ನುತ್ತಾಳೆ. ಕೆಳಗೆ ಒಂದು ಬಟ್ಟಲಲ್ಲಿ ಮಾಸಿದ ಅಕ್ಷತೆ. ಅದನ್ನು ತಲೆಗೆ ಹಾಕಿಕೋ ಎಂದು ವಿಹಾನ ಒಮ್ಮೆ ಅಂದ. ಅವಳು ಹಾಕಿಕೊಳ್ಳಲಿಲ್ಲ. ಹಾಕಬೇಕಾದ ಕೈ ಇರಲಿಲ್ಲ.

ಇದೆಲ್ಲ ಆಗಲು ಇನ್ನೂ ನಲವತ್ತು ವರ್ಷ ಇದೆ. ದ್ಯುತಿ ಹುಟ್ಟಿಲ್ಲ. ಕಾಳುಗಣ್ಣು ಇನ್ನೂ ಯಾರ ಕನಸಿಗೂ ಬಂದಿಲ್ಲ. ಸಿಂಚನಳಿಗೆ ಈಗ ಹದಿನಾಲ್ಕು, ಒಂಬತ್ತನೇ ಕ್ಲಾಸು. ಈ ತಿಂಗಳ ಒಂದು ಮದುವೆಗೆ ಲಂಗ ದಾವಣಿ ಹಾಕಿಕೊಂಡು ಬಂದಿದ್ದಾಳೆ. ಕುರ್ಚಿಯ ಮೇಲೆ ಹತ್ತಿ ನಿಂತರೂ ತಾಳಿ ಕಟ್ಟುವುದು ಕಾಣಲಿಲ್ಲ, ಕಂಡದ್ದು ಫೋಟೋದವನ ಬೆನ್ನು. ಅವನನ್ನು ಮನಸಾರೆ ಬೈದುಕೊಂಡು ಇಳಿದು, ಉಗ್ರಾಣದ ಕಡೆ ಹೊರಟವಳು ಕಂಬದ ಹಿಂದೆ ಒಬ್ಬ ಹೆಂಗಸನ್ನು ಕಂಡು ನಿಂತಿದ್ದಾಳೆ. ಮದುಮಗಳ ತಾಯಿ. ಸೆರಗನ್ನು ಬಾಯಿಗೆ ಒತ್ತಿ ಹಿಡಿದಿದ್ದಾಳೆ. ಇನ್ನೊಂದು ಕೈಯ ಮುಷ್ಟಿ ಬಿಗಿಯಾಗಿದೆ.

ಮಂಟಪದ ಮೇಲೆ ಮೂವತ್ತರ ಹರೆಯದ ಹಾಲೇಶ ಕ್ಯಾಮೆರಾ ಕೆಳಗಿಳಿಸುತ್ತಾನೆ. ಸುತ್ತ ನೋಡುತ್ತಾನೆ. "ಹುಡುಗಿ ತಾಯಿ ಎಲ್ಲಿ?" ಎಂದು ಗಂಟಲು ಹರಿಯುವಂತೆ ಕೂಗುತ್ತಾನೆ. ಮುಂದಿನ ಸಾಲಿನವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ, ಯಾರೂ ಮಾತಾಡುವುದಿಲ್ಲ.

"ಇಲ್ಲಿದ್ದಾರೆ!" ಎಂದು ಸಿಂಚನ ಕೈಯೆತ್ತಿ ಕೂಗುತ್ತಾಳೆ. ಆ ಹೆಂಗಸಿನ ಕೈ ಹಿಡಿದು ಎಳೆದುಕೊಂಡು ಮಂಟಪದ ಕಡೆಗೆ ಓಡುತ್ತಾಳೆ.